ಬಾಲೂ ಅವರ ಬಿಳಿಯಂಗಿ

ನಮ್ಮ ಸೀಮೆಯ ಜನಕ್ಕೆ ನಾಟಕವೆಂದರೆ ಮೊದಲು ನೆನಪಾಗುವುದು ಮಾತಲ್ಲ, ವೇಷ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸುತ್ತಿನ ಎಷ್ಟೋ ಹಳ್ಳಿಗಳಲ್ಲಿ ಸುಗ್ಗಿ ಕಳೆದ ಮೇಲೆ ‘ಕುರುಕ್ಷೇತ್ರ’ವನ್ನಾಡುವ ರೂಢಿ ಇನ್ನೂ ಉಳಿದಿದೆ. ಹಾರ್ಮೋನಿಯಂ ಮೇಷ್ಟರು ಬರುತ್ತಾರೆ. ಬಾಡಿಗೆಯ ಸೀನರಿ ಬರುತ್ತದೆ. ಅದರ ಹಿಂದೆಯೇ ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಹೊತ್ತ ತಗಡಿನ ಪೆಟ್ಟಿಗೆಗಳೂ ಬರುತ್ತವೆ. ಪರದೆ ಸರಿದು ದುರ್ಯೋಧನ ನಿಂತನೆಂದರೆ ಅವನು ತಾನು ಯಾರೆಂದು ಹೇಳಬೇಕಾದ್ದಿಲ್ಲ. ಮಖಮಲ್ಲಿನ ಅಂಗಿ, ಜರಿಯ ಅಂಚು, ತಲೆಯ ಮೇಲಿನ ಕಿರೀಟದ ಎತ್ತರ ಇವೇ ಅವನ ಕುಲವನ್ನೂ ಗರ್ವವನ್ನೂ ಸಾರುತ್ತವೆ. ಆಂಗಿಕ, ವಾಚಿಕ, ಸಾತ್ವಿಕಗಳ ಜೊತೆಗೆ ಆಹಾರ್ಯವನ್ನೂ ಅಭಿನಯವೆಂದೇ ಎಣಿಸಿದ ನಮ್ಮ ಲಾಕ್ಷಣಿಕರು ಬಹಳ ತಿಳಿದವರು. ಬಟ್ಟೆಯೂ ಅಭಿನಯಿಸುತ್ತದೆ, ನಟನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅದು ಮಾತಾಡಿ ಮುಗಿಸಿರುತ್ತದೆ.

ಈ ಮಾತನ್ನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಆದರೆ ಅದರ ಅರ್ಥ ನನಗೆ ತಿಳಿದದ್ದು ದೊಡ್ಡಬಳ್ಳಾಪುರದ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಒಬ್ಬ ಕ್ರಿಕೆಟ್ ಆಟಗಾರನ ಜೀವನವನ್ನು ನಾಟಕವಾಗಿ ಆಡಲು ಹೊರಟು, ಉಡುಪಿನ ಹೊಣೆಯನ್ನು ನನ್ನ ತಲೆಗೆ ಕಟ್ಟಿದಾಗ. ನಾನು ಮಗ್ಗದ ಮನೆಯಲ್ಲಿ ಹುಟ್ಟಿದವನು, ಬಟ್ಟೆಯ ಗುಣ ಬಲ್ಲವನು ಎಂಬುದು ಅವರ ನಂಬಿಕೆ. ಅಳತೆ ಕೊಡಲು ಹೋದ ದಿನ ನಮ್ಮ ದರ್ಜಿಯವರು ಕೇಳಿದ ಮೊದಲ ಪ್ರಶ್ನೆ, “ಹೀರೋ ಯಾರು ಸಾರ್? ಜರಿ ಎಷ್ಟು ಹಾಕೋಣ?”

ಆ ನಾಯಕನಿಗೆ ಜರಿ ಇರಲಿಲ್ಲ. ಅವನಿಗಿದ್ದದ್ದು ಎಲ್ಲರಂತೆ ಒಂದು ಬಿಳಿಯ ಅಂಗಿ, ಒಂದು ಬಿಳಿಯ ಷರಾಯಿ. ನಮ್ಮ ಕಷ್ಟ ಆರಂಭವಾದದ್ದೇ ಅಲ್ಲಿ.

ಪಾಲ್ವಂಕರ್ ಬಾಲೂ ಅವರ ಹೆಸರು ಇಂದಿನ ಬಹುಮಂದಿ ಕ್ರಿಕೆಟ್ ಪ್ರಿಯರಿಗೆ ಅಪರಿಚಿತ. ರಾಮಚಂದ್ರ ಗುಹಾ ಅವರು ಭಾರತದ ಕ್ರಿಕೆಟ್ಟನ್ನು ಕುರಿತು ೨೦೦೨ರಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥವು ಅವರ ಕಥೆಯನ್ನು ಮರವೆಯಿಂದ ಮೇಲೆತ್ತಿತು. ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ೧೮೭೦ರ ದಶಕದ ನಡುವೆ. ಅವರದು ಅಸ್ಪೃಶ್ಯವೆಂದು ಸಮಾಜ ದೂರವಿಟ್ಟಿದ್ದ ಚರ್ಮಕಾರ ಮನೆತನ. ಕೊಂಕಣದ ಪಾಲ್ವಣ ಎಂಬ ಊರಿನಿಂದ ಅಡ್ಡಹೆಸರು ಬಂದದ್ದು. ತಂದೆಯ ಸೈನ್ಯದ ಚಾಕರಿಯಿಂದಾಗಿ ಕುಟುಂಬ ಪುಣೆಗೆ ಸೇರಿತು. ದಂಡಿನ ಅಧಿಕಾರಿಗಳು ಆಡಿ ಬಿಸಾಡಿದ ಬ್ಯಾಟು ಚೆಂಡುಗಳಲ್ಲಿ ಹುಡುಗ ಆಟ ಕಲಿತ. ಪಾರ್ಸಿಗಳ ಕ್ಲಬ್ಬೊಂದರಲ್ಲಿ ಮೈದಾನ ಗುಡಿಸುವ ಕೆಲಸಕ್ಕೆ ತಿಂಗಳಿಗೆ ಮೂರು ರೂಪಾಯಿ. ಅನಂತರ ಐರೋಪ್ಯರ ಪೂನಾ ಕ್ಲಬ್ಬಿನಲ್ಲಿ ನಾಲ್ಕು ರೂಪಾಯಿ. ಪಿಚ್ಚಿಗೆ ರೋಲರು ಎಳೆಯುವುದು, ಗೆರೆ ಹಾಕುವುದು, ಬಲೆ ಕಟ್ಟುವುದು, ಸಾಹೇಬರು ಬ್ಯಾಟು ಹಿಡಿದು ನಿಂತಾಗ ಚೆಂಡು ಹಾಕುವುದು, ಇಷ್ಟು ಆ ನಾಲ್ಕು ರೂಪಾಯಿಗೆ. ಗ್ರೇಗ್ ಎಂಬ ಹೆಸರಾಂತ ದಾಂಡುಗಾರನು ತನ್ನನ್ನು ಔಟು ಮಾಡಿದಾಗಲೆಲ್ಲ ಬಾಲೂಗೆ ಎಂಟಾಣೆ ಕೊಡುತ್ತಿದ್ದನೆಂಬ ಕಥೆ ಪ್ರಚಲಿತವಾಗಿದೆ. ಹೀಗೆ ಗಂಟೆಗಟ್ಟಲೆ ಎಸೆದೆಸೆದು ಆ ಎಡಗೈ ಪಳಗಿತು. ಆದರೆ ಬ್ಯಾಟು ಹಿಡಿಯುವ ಅವಕಾಶವನ್ನು ಸಾಹೇಬರು ಕೊಟ್ಟದ್ದು ವಿರಳ. ಬ್ಯಾಟು ಯಜಮಾನರದು, ಚೆಂಡು ಹಾಕುವ ದುಡಿಮೆ ಆಳಿನದು.

ಪುಣೆಯ ಹಿಂದೂಗಳ ತಂಡಕ್ಕೆ ಐರೋಪ್ಯರನ್ನು ಸೋಲಿಸಬೇಕೆಂಬ ಛಲ. ಅದಕ್ಕೆ ಈ ಎಡಗೈ ಬೇಕು. ಸೇರಿಸಿಕೊಳ್ಳಬೇಕೆ ಬೇಡವೆ ಎಂಬ ವಾದ ನಡೆದು ಕಡೆಗೆ ಬಾಲೂ ತಂಡಕ್ಕೆ ಸೇರಿದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಆದರೆ ಚಹಾದ ವಿರಾಮ ಬಂದಾಗ ಉಳಿದವರು ಒಳಗೆ ಕುಳಿತು ಪಿಂಗಾಣಿಯ ಬಟ್ಟಲಲ್ಲಿ ಕುಡಿಯುವರು. ಬಾಲೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ.

ಉಳಿದ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೮೯೬ರಲ್ಲಿ ಪ್ಲೇಗು ಕಾಣಿಸಿಕೊಂಡ ಮೇಲೆ ಬಾಲೂ ಮುಂಬಯಿಗೆ ಬಂದರು. ೧೯೦೬ರಲ್ಲಿ ಹಿಂದೂ ತಂಡವು ಐರೋಪ್ಯರನ್ನು ೧೦೯ ರನ್ನುಗಳಿಂದ ಸೋಲಿಸಿದಾಗ ಅವರೂ ಅವರ ತಮ್ಮ ಶಿವರಾಮರೂ ಆ ತಂಡದಲ್ಲಿದ್ದರು. ೧೯೧೧ರಲ್ಲಿ ಪಟಿಯಾಲದ ಯುವಕ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ಹೋಯಿತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಬಾಲೂ ಒಬ್ಬರೇ ಆ ಪ್ರವಾಸದಲ್ಲಿ ೧೧೪ ವಿಕೆಟ್ಟುಗಳನ್ನು ಪಡೆದರು. ನಮ್ಮ ಬೆಂಗಳೂರಿನ ಬಿ. ಜಯರಾಂ ಅವರೂ ಆ ತಂಡದಲ್ಲಿದ್ದರೆಂಬುದನ್ನು ಇಲ್ಲಿ ಅಭಿಮಾನದಿಂದ ನೆನೆಯಬಹುದು. ಇಷ್ಟೆಲ್ಲ ಸಾಧಿಸಿದರೂ ಹಿಂದೂ ತಂಡದ ನಾಯಕತ್ವ ಬಾಲೂಗೆ ದೊರೆಯಲಿಲ್ಲ. ಅದು ೧೯೨೩ರಲ್ಲಿ ಅವರ ಕಿರಿಯ ತಮ್ಮ ವಿಠಲರಿಗೆ ದೊರೆಯಿತು. ಬಾಲೂ ತೀರಿಕೊಂಡದ್ದು ೧೯೫೫ರಲ್ಲಿ.

ಈ ಜೀವನಕ್ಕೆ ಉಡುಪು ಹೊಲಿಸಬೇಕು. ಆ ಕಾಲದ ಛಾಯಾಚಿತ್ರಗಳನ್ನು ನೋಡುತ್ತ ಕುಳಿತೆ. ಇಂದಿನ ಆಟಗಾರನ ಬೆನ್ನ ಮೇಲೆ ಹೆಸರು, ಎದೆಯ ಮೇಲೆ ವ್ಯಾಪಾರಿಯ ಮುದ್ರೆ. ಅಂದಿನವನ ಮೈಮೇಲೆ ಅಕ್ಷರವೇ ಇಲ್ಲ. ಉಣ್ಣೆಯ ಫ್ಲಾನೆಲ್ಲಿನ ಷರಾಯಿ. ಸೊಂಟ ಹೊಕ್ಕುಳಿನ ಮೇಲಕ್ಕೆ ಏರಿದೆ, ಕಾಲು ಸಡಿಲವಾಗಿದೆ. ಮುಂದೆ ಗುಂಡಿಗಳ ಸಾಲು, ಏಕೆಂದರೆ ಜಿಪ್ಪು ಷರಾಯಿಗೆ ಬಂದದ್ದು ಬಹಳ ತಡವಾಗಿ. ಕೆಲವರು ಬೆಲ್ಟಿನ ಬದಲು ಒಂದು ಬಣ್ಣದ ಪಟ್ಟಿಯನ್ನೋ ಮಡಿಸಿದ ಟೈಯನ್ನೋ ಸೊಂಟಕ್ಕೆ ಬಿಗಿದಿದ್ದಾರೆ. ಅಂಗಿಗೆ ಎದೆಯವರೆಗೆ ಮಾತ್ರ ಗುಂಡಿ. ತಲೆಯ ಮೇಲಿಂದ ತೊಡಬೇಕು. ತಲೆಗೆ ಕೆಲವರಿಗೆ ಟೋಪಿ, ಕೆಲವರಿಗೆ ರುಮಾಲು. ಕಾಲ್ಗಾಪಿಗೆ ಬೆತ್ತದ ಕಡ್ಡಿಗಳನ್ನು ಜೋಡಿಸಿ ಹೊಲಿದು ಚರ್ಮದ ಪಟ್ಟಿಗಳಿಂದ ಕಟ್ಟಿದೆ. ಬೂಟಿಗೆ ಬಿಳಿಯ ಜೇಡಿಮಣ್ಣಿನ ಲೇಪ.

ದೊಡ್ಡಬಳ್ಳಾಪುರದಲ್ಲಿ ಬಟ್ಟೆಗೆ ಬರವೆ ಎಂದು ವಾಚಕರು ಕೇಳಬಹುದು. ಊರಿನ ಅರ್ಧ ಬೀದಿಗಳಲ್ಲಿ ವಿದ್ಯುತ್ ಮಗ್ಗದ ಸದ್ದು. ಆದರೆ ನಮ್ಮ ಮಗ್ಗಗಳು ನೇಯುವುದು ರೇಷ್ಮೆಯ ಸೀರೆ, ಕೃತಕ ರೇಷ್ಮೆಯ ಸೀರೆ. ಫ್ಲಾನೆಲ್ಲು ಇಲ್ಲಿ ಸಿಕ್ಕುವುದಿಲ್ಲ; ಸಿಕ್ಕರೂ ರಂಗದ ದೀಪಗಳ ಕೆಳಗೆ ಹುಡುಗರು ಬೆವರಿ ಕರಗಿಹೋಗುತ್ತಾರೆ. ದಪ್ಪ ಹತ್ತಿಯ ಡ್ರಿಲ್ಲು ಬಟ್ಟೆ ಸಾಕೆಂದು ನಿಶ್ಚಯಿಸಿದೆ. ಅಂಗಡಿಯ ಹೊಸ ಬಿಳಿ ರಂಗದ ಮೇಲೆ ನೀಲಿ ಮಿಂಚಿ ಕಣ್ಣು ಕುಕ್ಕುತ್ತದೆ. ಹಳೆಯ ಫ್ಲಾನೆಲ್ಲಿನ ಬಿಳಿಯಾದರೋ ಹಾಲಿನ ಕೆನೆಯ ಬಿಳಿ. ಅದನ್ನು ತರಲು ರಂಗಭೂಮಿಯವರಿಗೆಲ್ಲ ತಿಳಿದ ಅಗ್ಗದ ಉಪಾಯವೊಂದಿದೆ. ಬಟ್ಟೆಯನ್ನು ಚಹಾದ ಕಷಾಯದಲ್ಲಿ ಅದ್ದುವುದು.

ಮೊದಲನೆಯ ದಿನ ಹಂಡೆಯಲ್ಲಿ ಚಹಾಪುಡಿ ಕುದಿಸಿ, ಸೋಸಿ, ಉಪ್ಪು ಹಾಕಿ, ಎಂಟು ಜೊತೆ ಬಟ್ಟೆಯನ್ನೂ ಮುಳುಗಿಸಿದೆವು. ಅರ್ಧ ಗಂಟೆಯ ಮೇಲೆ ತೆಗೆದು ಜಾಲಿಸಿದರೆ ಬಟ್ಟೆ ಹಂಡೆಗೆ ಇಳಿದಷ್ಟೇ ಬಿಳುಪಾಗಿ ಮೇಲೆ ಬಂತು! ಅಪ್ಪಟ ಹತ್ತಿ ಎಂದು ಹೇಳಿ ಕೊಟ್ಟಿದ್ದರಲ್ಲಿ ಪಾಲಿಯೆಸ್ಟರೇ ಹೆಚ್ಚು. ಅದು ಚಹಾದ ಒಗರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದವನ ಜಾಣತನ ಅಂದು ಹಂಡೆಯ ಮುಂದೆ ಬಯಲಾಯಿತು. ಎರಡನೆಯ ಸಲ ಅಂಚಿನ ನೂಲೆಳೆದು ಸುಟ್ಟು ನೋಡಿ ಕೊಂಡೆ. ಹತ್ತಿಯ ನೂಲು ಕಾಗದದಂತೆ ಉರಿದು ಬೂದಿಯಾಗುತ್ತದೆ. ಮತ್ತೊಂದು ಕರಗಿ ಮಣಿಯಾಗುತ್ತದೆ.

ಚಹಾದ ಒಗರೂ ತಂಗಡಿಯ ತೊಗಟೆಯ ಒಗರೂ ಒಂದೇ ಜಾತಿಯವು, ಎರಡೂ ಟ್ಯಾನಿನ್ನುಗಳು. ನಮ್ಮ ಬೋರೆಗಳ ಮೇಲೆ ಹಳದಿ ಹೂ ಬಿಡುವ ಆ ತಂಗಡಿಯ ತೊಗಟೆಯಿಂದಲೇ ದಕ್ಷಿಣ ದೇಶದಲ್ಲಿ ತಲೆಮಾರುಗಳ ಕಾಲ ತೊಗಲು ಹದ ಮಾಡುತ್ತಿದ್ದರು. ಹದ ಮಾಡಿದ ಕೈಗಳನ್ನು ಊರು ಹೊರಗಿಟ್ಟಿತು. ಹದವಾದ ತೊಗಲನ್ನು ಬೂಟು, ಜೀನು, ಮದ್ದಲೆಗಳಾಗಿ ಒಳಗೆ ಬಿಟ್ಟುಕೊಂಡಿತು. ಕ್ರಿಕೆಟ್ಟಿನ ಚೆಂಡೂ ತೊಗಲೇ. ಕಲ್ಯಾಣದ ಹರಳಯ್ಯನವರ ಪಾದರಕ್ಷೆಯ ಕಥೆ ಬಲ್ಲ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಈಗ ನನ್ನ ತಪ್ಪಿನ ವಿಷಯ.

ಎಂಟು ಮಂದಿಗೂ ಒಂದೇ ಬಿಳಿ. ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ಇವರಲ್ಲಿ ಬಾಲೂ ಯಾರೆಂದು ತಿಳಿಯುವುದು ಹೇಗೆ? ಅವನು ಬಡವ, ಹೊರಗಿಟ್ಟವನು ಎಂಬುದು ಕಾಣುವುದು ಹೇಗೆ? ದುರ್ಯೋಧನನಿಗೆ ಕಿರೀಟವಿಟ್ಟ ಸೀಮೆಯವನಲ್ಲವೆ ನಾನು! ಅದನ್ನೇ ತಿರುಗಿಸಿ ಯೋಚಿಸಿದೆ. ಬಾಲೂ ಅಂಗಿಯನ್ನು ಮಾತ್ರ ಇನ್ನೆರಡು ಸಲ ಕಷಾಯದಲ್ಲಿ ಅದ್ದಿಸಿ ಮಾಸಲು ಮಾಡಿದೆ. ಮೊಣಕೈಗೆ ಒಂದು ತೇಪೆ, ಷರಾಯಿಯ ಮಂಡಿಗೆ ಒಂದು ತೇಪೆ ಹಾಕಿಸಿದೆ. ಕಾಲರಿನ ಅಂಚನ್ನು ಕಲ್ಲಿಗೆ ಉಜ್ಜಿ ಸವೆಸಿದೆ. ನೋಡಿದವರೆಲ್ಲ ಮೆಚ್ಚಿದರು. ನಾನೂ ಮೆಚ್ಚಿಕೊಂಡೆ.

ಬಾಲೂ ಪಾತ್ರಕ್ಕೆ ಆಯ್ಕೆಯಾಗಿದ್ದವನು ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಎರಡನೆಯ ವರ್ಷದ ವಿದ್ಯಾರ್ಥಿ. ಮಾತು ಕಡಿಮೆ. ಅಂಗಿಯನ್ನು ತೊಟ್ಟು ನೋಡಿದ. ತೇಪೆಯ ಮೇಲೆ ಬೆರಳಾಡಿಸಿದ. ಬಿಚ್ಚಿ ಮಡಿಸಿ ಬೆಂಚಿನ ಮೇಲಿಟ್ಟ.

“ಸಾರ್, ನಮ್ಮ ತಾತನ್ನ ನೋಡಿದ್ದಿದ್ರೆ ನೀವು ಹಿಂಗೆ ಹೊಲಿಸ್ತಿರ್ಲಿಲ್ಲ” ಎಂದ.

ಅವನ ತಾತನಿಗೆ ಇದ್ದದ್ದು ಒಂದೇ ಬಿಳಿಯಂಗಿಯಂತೆ. ಪೇಟೆಗೆ ಹೋಗಬೇಕಾದ ಹಿಂದಿನ ರಾತ್ರಿ ಅದನ್ನು ಒಗೆದು, ನೀಲಿ ಹಾಕಿ, ಬೆಳಗ್ಗೆ ಚೊಂಬಿನಲ್ಲಿ ಕೆಂಡ ತುಂಬಿ ತಾನೇ ಇಸ್ತ್ರಿ ಮಾಡಿಕೊಳ್ಳುವರು. ಬಸ್ಸಿನಲ್ಲಿ ಸುಕ್ಕಾದೀತೆಂದು ನಿಂತೇ ಬರುವರು. “ಬೇರೆಯೋರು ಕೊಳೆ ಅಂಗಿ ಹಾಕ್ಕೊಂಡ್ರೆ ಕೆಲಸದಲ್ಲಿದ್ದ ಅಂತಾರೆ ಸಾರ್. ನಮ್ಮ ತಾತ ಹಾಕ್ಕೊಂಡ್ರೆ ಬೇರೆ ಮಾತು ಅಂತಾರೆ.”

ನಾನು ಸುಮ್ಮನೆ ನಿಂತೆ. ಮೈಲಿಗೆ ಎಂಬುದು ಕಾಣುವ ಕೊಳೆಯಲ್ಲ, ನೋಡುವವನ ಕಣ್ಣಲ್ಲಿರುವುದು. ಅದನ್ನು ಪ್ರೇಕ್ಷಕರಿಗೆ ತೋರಿಸುವ ಆತುರದಲ್ಲಿ ನಾನು ಆ ಮನುಷ್ಯನ ಮೈಮೇಲೆಯೇ ಕೊಳೆಯನ್ನು ಬಳಿದಿದ್ದೆ. ಪುಣೆಯ ಪೆವಿಲಿಯನ್ನಿನವರು ಮಾಡಿದ್ದನ್ನು ಸೂಜಿ ದಾರ ಹಿಡಿದು ನಾನೂ ಮಾಡಿದ್ದೆ. ಕುವೆಂಪು ಅವರ ‘ಜಲಗಾರ’ದಲ್ಲಿ ಶಿವನೇ ಜಲಗಾರನ ವೇಷದಲ್ಲಿ ಬರುವುದನ್ನು ಪಾಠ ಹೇಳಿದವನು ನಾನು. ಆ ವೇಷ ಕೀಳಲ್ಲವೆಂಬುದೇ ಆ ನಾಟಕದ ಹೃದಯವೆಂದು ಹೇಳಿ ವಿದ್ಯಾರ್ಥಿಗಳಿಂದ ಉತ್ತರ ಬರೆಸಿದವನು ನಾನು. ಪಾಠ ಹೇಳುವುದು ಬೇರೆ; ಅಂಗಿ ಹೊಲಿಸುವುದು ಬೇರೆ.

ಮರುದಿನವೇ ಹೊಸದಾಗಿ ಹೊಲಿಸಿದೆವು. ಮೊದಲ ಅಂಕದ ಮೈದಾನದ ಕೆಲಸಕ್ಕೆ ಮಾತ್ರ ಕಚ್ಚೆಯ ಧೋತ್ರ, ತೋಳು ಮಡಿಸಿದ ದಪ್ಪ ಅಂಗಿ, ತಲೆಗೆ ಸುತ್ತಿದ ವಸ್ತ್ರ. ರೋಲರು ಎಳೆಯುವವನ ಉಡುಪು ಅದು. ಅದರಲ್ಲಿ ಧೂಳಿದ್ದರೆ ಆ ಧೂಳಿಗೆ ದುಡಿಮೆಯ ಅರ್ಥವಿದೆ. ಆಟಗಾರನಾಗಿ ಇಳಿಯುವ ಬಾಲೂಗೆ ಉಳಿದ ಏಳು ಮಂದಿಯದೇ ಬಟ್ಟೆ, ಅದೇ ಬಣ್ಣ, ಅದೇ ಹೊಲಿಗೆ. ವ್ಯತ್ಯಾಸ ಒಂದೇ: ಅವನ ಅಂಗಿಗೆ ಇಸ್ತ್ರಿ ಚೆನ್ನಾಗಿ ಬಿದ್ದಿರಬೇಕು. ಪ್ರೇಕ್ಷಕನಿಗೆ ಗುರುತು ಸಿಕ್ಕದಿದ್ದರೆ ಸಿಕ್ಕದಿರಲಿ. ಚೆಂಡು ಕೈಗೆ ಬಂದಾಗ ಗುರುತಾಗುತ್ತಾನೆ. ಚಹಾ ಬಂದಾಗ ಇನ್ನೊಮ್ಮೆ ಗುರುತಾಗುತ್ತಾನೆ.

ಆ ಚಹಾದ ದೃಶ್ಯದ ಅಭ್ಯಾಸವನ್ನು ನಾನು ಮರೆಯಲಾರೆ. ಏಳು ಮಂದಿ ಪಿಂಗಾಣಿ ಬಟ್ಟಲು ಹಿಡಿದು ಒಳಗೆ ಕುಳಿತಿದ್ದಾರೆ. ಪರಿಚಾರಕನ ಪಾತ್ರದ ಹುಡುಗ ಹೊರಗೆ ಬಂದು ಬಾಲೂ ಕೈಗೆ ಕುಡಿಕೆ ಕೊಟ್ಟು ಚಹಾ ಸುರಿದ. “ಹಂಗಲ್ಲ” ಎಂದ ನಮ್ಮ ನಟ. ಕುಡಿಕೆಯನ್ನು ನೆಲದ ಮೇಲಿಡಿಸಿದ. ಪರಿಚಾರಕನನ್ನು ಒಂದು ಮಾರು ಹಿಂದೆ ಸರಿಸಿದ. ಬಾಲೂ ಅದನ್ನು ತಾನೇ ಎತ್ತಿಕೊಂಡು ಚಾಚಬೇಕೆಂದ. ಚಹಾ ಮೇಲಿಂದ ಧಾರೆಯಾಗಿ ಬೀಳಬೇಕೆಂದ. ಇದನ್ನು ಯಾರು ಹೇಳಿಕೊಟ್ಟರೆಂದು ನಿರ್ದೇಶಕರು ಕೇಳಿದರು. ತಾತ ಹೇಳಿದ್ದರು ಎಂದ. ಊರ ಹೋಟೆಲಿನಲ್ಲಿ ಅವರ ಲೋಟ ಗೋಡೆಯ ಹೊರಗಿನ ಗೂಡಿನಲ್ಲಿ ಇರುತ್ತಿತ್ತಂತೆ.

ಹಾಗೆಯೇ ಆಡಿದರು. ಮೇಲಿಂದ ಬಿದ್ದ ಧಾರೆ ಕುಡಿಕೆಗೆ ತಾಗಿ ಸಿಡಿಯಿತು. ಸಿಡಿದ ಹನಿ ಬಿಳಿಯಂಗಿಗೆ ಬೀಳದಂತೆ ಹುಡುಗ ಎದೆಯನ್ನು ಒಳಕ್ಕೆಳೆದುಕೊಂಡು ಅರ್ಧ ಹೆಜ್ಜೆ ಹಿಂದೆ ಸರಿದ, ತೋಳು ಮಾತ್ರ ಚಾಚಿದಂತೆಯೇ ಇತ್ತು. ಆ ಅರ್ಧ ಹೆಜ್ಜೆಯನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟಿರಲಿಲ್ಲ. ಅದು ಬರೆದ ನಾಟಕದಲ್ಲಿರಲಿಲ್ಲ. ತೇಪೆಯ ಮಾಸಲಂಗಿ ತೊಟ್ಟಿದ್ದರೆ ಅದು ಹುಟ್ಟುತ್ತಲೂ ಇರಲಿಲ್ಲ. ಆಹಾರ್ಯವೂ ಅಭಿನಯವೆಂದರೆ ಏನೆಂಬುದು ನನಗೆ ತಿಳಿದದ್ದು ಆಗ.

ಇಂಗ್ಲೆಂಡಿನ ದೃಶ್ಯದಲ್ಲಿ ಇನ್ನೊಂದು ಪಾಠವಾಯಿತು. ಆಂಗ್ಲದೇಶವೆಂದರೆ ಚಳಿಯೆಂದು ನಾನು ಎಂಟು ಉಣ್ಣೆಯ ಸ್ವೆಟರು ಹೆಣೆಸಲು ಹೊರಟಿದ್ದೆ. ಇತಿಹಾಸದ ಅಧ್ಯಾಪಕರು ತಡೆದರು. ೧೯೧೧ರ ಬೇಸಿಗೆ ಆ ದೇಶ ಕಂಡ ಅತ್ಯಂತ ಬಿರುಬೇಸಿಗೆಗಳಲ್ಲಿ ಒಂದು. ಜುಲೈ ಆಗಸ್ಟಿನಲ್ಲಿ ಅಲ್ಲಿನ ಹುಲ್ಲು ಸುಟ್ಟುಹೋಗಿತ್ತು. ಸ್ವೆಟರಿನ ಹಣ ಉಳಿಯಿತು; ಅದರಲ್ಲಿ ಮಹಾರಾಜರ ಪಾತ್ರಕ್ಕೆ ಒಳ್ಳೆಯ ಪಟಿಯಾಲ ಪೇಟ ಬಂತು. ಈ ನಾಟಕದಲ್ಲಿ ನಮ್ಮ ದರ್ಜಿಯವರಿಗೆ ಮನಸ್ಸಿಟ್ಟು ಜರಿ ಹಾಕಲು ಸಿಕ್ಕಿದ ತಾವು ಅದೊಂದೇ.

ಕಡೆಯ ಅಂಕ ೧೯೩೭ರ ಚುನಾವಣೆ. ಕಾಂಗ್ರೆಸ್ಸಿನಿಂದ ನಿಂತ ಬಾಲೂ ಅವರಿಗೆ ಎದುರಾಗಿದ್ದವರು ಡಾ. ಅಂಬೇಡ್ಕರ್. ೧೩,೨೪೫ ಮತಗಳಿಂದ ಅಂಬೇಡ್ಕರರು ಗೆದ್ದರು; ಬಾಲೂಗೆ ಬಂದದ್ದು ೧೧,೨೨೫. ಇಲ್ಲಿ ಬಾಲೂಗೆ ಖಾದಿಯ ಜುಬ್ಬ, ಬಿಳಿ ಟೋಪಿ ಕೊಟ್ಟೆ. ಅಂಬೇಡ್ಕರರಿಗೆ ಅವರ ಸೂಟು, ಟೈ. ಒಬ್ಬರನ್ನು ಮಣ್ಣಿನ ಕುಡಿಕೆಯವರಾಗಿಯೇ ಉಳಿಸಲು, ಇನ್ನೊಬ್ಬರನ್ನು ದರ್ಪದವರಾಗಿ ತೋರಿಸಲು ಉಡುಪಿನಲ್ಲಿ ಎಷ್ಟು ಸುಲಭ! ಈ ಸಲ ಎಚ್ಚರವಾಗಿದ್ದೆ. ಅಂಬೇಡ್ಕರರ ಸೂಟು ಕೂಡ ಆ ತಾತನ ಬಿಳಿಯಂಗಿಯೇ. ಊರು ಏನನ್ನು ತೊಡಬಾರದೆಂದಿತೋ ಅದನ್ನು ಸುಕ್ಕಿಲ್ಲದೆ ತೊಟ್ಟು ನಿಂತದ್ದು. ಎರಡು ಉಡುಪಿಗೂ ಒಂದೇ ದಿನ, ಒಂದೇ ಕೈಯಿಂದ ಇಸ್ತ್ರಿ ಮಾಡಿಸಿದೆ.

ನಾಟಕದ ರಾತ್ರಿ ಹಳ್ಳಿಗಳಿಂದಲೂ ಜನ ಬಂದಿದ್ದರು. ಚಹಾದ ದೃಶ್ಯದಲ್ಲಿ ಹಿಂದಿನ ಸಾಲುಗಳಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು, ಅಷ್ಟೆ. ಬಾಲೂ ಕುಡಿದ ಕುಡಿಕೆಯನ್ನು ನೆಲಕ್ಕೆ ಹಾಕುವುದು ನಾಟಕದಲ್ಲಿತ್ತು. ಅದು ಒಡೆದ ಸದ್ದು ಸಣ್ಣದು. ಚಪ್ಪಾಳೆ ಬರಲಿಲ್ಲ. ಅದು ಇಂಗ್ಲೆಂಡಿನ ದೃಶ್ಯಕ್ಕೆ ಬಂತು.

ಎಂಟು ಜೊತೆ ಬಟ್ಟೆಯನ್ನು ಪೆಟ್ಟಿಗೆಗೆ ತುಂಬಿಡಬೇಕೆಂದಿದ್ದೆ. ಹುಡುಗರು ಬಿಡಲಿಲ್ಲ. ಈಗ ಭಾನುವಾರಗಳಲ್ಲಿ ಕಾಲೇಜಿನ ಮೈದಾನದಲ್ಲಿ ಅವರು ಅದನ್ನೇ ತೊಟ್ಟು ಆಡುತ್ತಾರೆ. ಒಗೆದೊಗೆದು ಚಹಾದ ಬಣ್ಣ ಬಿಟ್ಟಿದೆ. ಮೈದಾನದ ಕೆಮ್ಮಣ್ಣು ಎಲ್ಲ ಅಂಗಿಗಳಿಗೂ ಒಂದೇ ಸಮನಾಗಿ ಹತ್ತಿದೆ. ಅಭ್ಯಾಸದ ದಿನಗಳಲ್ಲಿ ಬಟ್ಟೆ ಅದಲುಬದಲಾಗದಿರಲೆಂದು ಕಾಲರಿನ ಒಳಗೆ ಪಾತ್ರದ ಮೊದಲಕ್ಷರವನ್ನು ಕೆಂಪು ದಾರದಲ್ಲಿ ಹೊಲಿಸಿದ್ದೆ. ಬಾಲೂ ಅವರದು ಯಾವುದೆಂದು ತಿಳಿಯಬೇಕಾದರೆ ಈಗ ಆಡುವವನನ್ನು ನಿಲ್ಲಿಸಿ ಕಾಲರು ತಿರುಗಿಸಿ ನೋಡಬೇಕು. ನಾನು ನೋಡಿಲ್ಲ.